ಮೈದಾನ್‌ಗಢಿಯಿಂದ ಬಂದ ಪಾರ್ಸೆಲ್ಲು

ನಾನು ಎಂಬಿಎ ಓದಿದ ವಿಶ್ವವಿದ್ಯಾಲಯವನ್ನು ಇವತ್ತಿಗೂ ಕಣ್ಣಾರೆ ಕಂಡಿಲ್ಲ. ಅದಿರುವುದು ದಕ್ಷಿಣ ದೆಹಲಿಯ ಮೈದಾನ್‌ಗಢಿಯಲ್ಲಿ. ನಾನಿದ್ದದ್ದು ಮೈಸೂರಿನಲ್ಲಿ, ಬ್ಯಾಂಕೊಂದರ ಕೌಂಟರಿನ ಹಿಂದೆ. ನಮ್ಮಿಬ್ಬರ ನಡುವೆ ಓಡಾಡುತ್ತಿದ್ದವನು ಪೋಸ್ಟ್‌ಮನ್. "ಯಾವ ಕಾಲೇಜಮ್ಮಾ?" ಎಂದು ಕೇಳಿದವರಿಗೆ "ಇಗ್ನೋ" ಅಂದರೆ, "ಓ, ಮನೇಲೇ ಕೂತು ಓದೋದಾ!" ಅನ್ನುತ್ತಿದ್ದರು. ಬೆಳಿಗ್ಗೆ ಡಬ್ಬಿ ಕಟ್ಟಿ, ಬಸ್ಸು ಹಿಡಿದು, ಸಂಜೆ ಕ್ಯಾಷ್ ತಾಳೆಯಾಗುವವರೆಗೆ ಕಾದು ಬರುವವಳಿಗೆ ಮನೆಯಲ್ಲಿ ಕೂರುವ ಭಾಗ್ಯ ಎಲ್ಲಿತ್ತೋ ಅವರೇ ಹೇಳಬೇಕು.

ನಮ್ಮ ಮನೆತನಕ್ಕೆ ಈ ಬಗೆಯ ಓದು ಹೊಸದೇನಲ್ಲ. ನನ್ನ ಚಿಕ್ಕಮ್ಮ ಬಿಎ ಮಾಡಿದ್ದು 'ಅಂಚೆ ತೆರಪಿನ ಶಿಕ್ಷಣ'ದಲ್ಲಿ, ಅಂದರೆ ಅಂಚೆಯಲ್ಲಿ ಬಂದ ಪಾಠ ಓದಿ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಶುರುಮಾಡಿದ ಈ ಪದ್ಧತಿಯನ್ನು ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ತನ್ನದಾಗಿಸಿಕೊಂಡಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಚಿಕ್ಕಮ್ಮನ ಕಾಲದಲ್ಲಿ ಅಂಚೆಯಲ್ಲಿ ಓದುವವರು ದೊಡ್ಡ ವಿಶ್ವವಿದ್ಯಾಲಯದ ಒಂದು ಮೂಲೆಯ ಮಂದಿ. ತರಗತಿಯಲ್ಲಿ ಕೂತು ಓದುವವರೇ ಅದರ ನಿಜವಾದ ಮಕ್ಕಳು, ಇವರು ಮನೆಗೆ ಬಂದುಹೋಗುವ ನೆಂಟರು.

ನೆಂಟರಿಗೇ ಒಂದು ಮನೆ ಕಟ್ಟಿಕೊಟ್ಟರೆ ಹೇಗೆ ಎಂಬ ಯೋಚನೆ ಬ್ರಿಟನ್ನಿನಲ್ಲಿ 1969ರಲ್ಲಿ ಓಪನ್ ಯೂನಿವರ್ಸಿಟಿಯಾಗಿ ನಿಂತಿತ್ತು. ನಮ್ಮಲ್ಲೂ ಜಿ. ಪಾರ್ಥಸಾರಥಿ ಅವರ ಸಮಿತಿ 1974ರಲ್ಲೇ ಇಂಥದ್ದೊಂದು ಬೇಕೆಂದು ಹೇಳಿತ್ತು. ಕಡತ ಆಮೇಲೆ ಸುದೀರ್ಘ ವಿಶ್ರಾಂತಿಗೆ ಹೋಯಿತು. ನಮ್ಮ ಬ್ಯಾಂಕಿನ ಸಾಲದ ಅರ್ಜಿಗಳೂ ಅಷ್ಟು ಕಾಲ ಮಲಗುತ್ತಿರಲಿಲ್ಲ. ಅಷ್ಟರಲ್ಲಿ 1982ರಲ್ಲಿ ಆಂಧ್ರಪ್ರದೇಶ ತನ್ನದೇ ಮುಕ್ತ ವಿಶ್ವವಿದ್ಯಾಲಯವನ್ನು ತೆರೆದು, ಜಿ. ರಾಮರೆಡ್ಡಿ ಅವರನ್ನು ಕುಲಪತಿ ಮಾಡಿತು. 1985ರಲ್ಲಿ ಸಂಸತ್ತು ಕಾಯ್ದೆ ಮಾಡಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವನ್ನು, ಅಂದರೆ ನಮ್ಮ ಇಗ್ನೋವನ್ನು, ಸ್ಥಾಪಿಸಿದಾಗ, ಅದರ ಮೊದಲ ಕುಲಪತಿಯೂ ಅವರೇ ಆದರು.

1987ರಲ್ಲಿ ಪಾಠ ಶುರುವಾಯಿತು. ಇದ್ದದ್ದು ಎರಡೇ ಡಿಪ್ಲೊಮ: ಒಂದು ದೂರಶಿಕ್ಷಣದ್ದು, ಇನ್ನೊಂದು ಮ್ಯಾನೇಜ್‌ಮೆಂಟಿನದು. ಸೇರಿದವರು 4,528 ಮಂದಿ. ಇಡೀ ದೇಶಕ್ಕೆಂದು ತೆರೆದ ವಿಶ್ವವಿದ್ಯಾಲಯ ಸಾಹಿತ್ಯ, ಚರಿತ್ರೆಗಳನ್ನು ಬಿಟ್ಟು ಮ್ಯಾನೇಜ್‌ಮೆಂಟನ್ನೇ ಮುಂದಿಟ್ಟದ್ದು ಯಾಕೆ? ನನಗೆ ತೋಚುವ ಕಾರಣ ನಮ್ಮ ಬ್ಯಾಂಕಿನಲ್ಲೇ ಸಿಗುತ್ತದೆ. ಅಹಮದಾಬಾದ್, ಕಲ್ಕತ್ತಗಳಲ್ಲಿ 1961ರಲ್ಲಿ, ಬೆಂಗಳೂರಿನಲ್ಲಿ 1973ರಲ್ಲಿ ಐಐಎಂಗಳು ಬಂದಿದ್ದವು, ನಿಜ. ಅಲ್ಲಿ ಸೀಟು ಸಿಕ್ಕಿದರೂ ಕೆಲಸ ಬಿಟ್ಟು ಹೋಗಬೇಕು. ಕಾರ್ಖಾನೆಗಳಲ್ಲಿ, ಬ್ಯಾಂಕುಗಳಲ್ಲಿ, ಸರ್ಕಾರಿ ಉದ್ದಿಮೆಗಳಲ್ಲಿ ಸೇವಾಹಿರಿತನದಿಂದ ಮೇಲೇರಿ, ದಿನಬೆಳಗಾದರೆ ಜನರನ್ನು ನಿಭಾಯಿಸುತ್ತಿದ್ದ ಸಾವಿರಾರು ಮಂದಿಗೆ ಆ ವಿದ್ಯೆಯನ್ನು ಹೇಳಿಕೊಡುವವರು ಅಪರೂಪವಾಗಿದ್ದರು.

ಡಿಪ್ಲೊಮ ಬೆಳೆದು ಎಂಬಿಎ ಆದಾಗಲೂ ಕೆಲಸದಲ್ಲಿರುವವರ ಕಡೆಗಿನ ಈ ಒಲವು ಉಳಿಯಿತು. ನಾನು ಸೇರುವ ಕಾಲಕ್ಕೆ ಓಪನ್‌ಮ್ಯಾಟ್ ಎಂಬ ಪ್ರವೇಶ ಪರೀಕ್ಷೆ ಇತ್ತು, ನನ್ನಂಥ ಸಾದಾ ಪದವೀಧರರಿಗೆ ಕೆಲಸದ ಅನುಭವವೂ ಬೇಕಿತ್ತು. ಹಾಗಾಗಿ ಪರೀಕ್ಷೆಯ ಹಾಲ್‌ನಲ್ಲಿ ಓದುವ ಕನ್ನಡಕ ಹುಡುಕುವವರು, ಟಿಫಿನ್ ಕ್ಯಾರಿಯರ್ ತಂದವರು, ಮಗನ ಜಾಮೆಟ್ರಿ ಬಾಕ್ಸಿನಿಂದ ಪೆನ್ಸಿಲ್ ತೆಗೆದುಕೊಂಡು ಬಂದವರೇ ತುಂಬಿದ್ದರು.

ಪುಸ್ತಕಗಳು ಬಂದವು. ಎಂಎಸ್-1 ಮ್ಯಾನೇಜರನ ಕೆಲಸ ಮತ್ತು ನಡವಳಿಕೆ, ಎಂಎಸ್-4 ಲೆಕ್ಕ ಮತ್ತು ಹಣಕಾಸು, ಎಂಎಸ್-8 ಸಂಖ್ಯಾಶಾಸ್ತ್ರ. ಎಂಎಸ್-8 ನಮ್ಮಲ್ಲಿ ಹಲವರ ಭಾನುವಾರಗಳನ್ನು ನುಂಗಿತು. ಒಂದು ಕ್ರೆಡಿಟ್ಟಿಗೆ 30 ಗಂಟೆ ಓದಬೇಕೆಂಬುದು ಇಗ್ನೋದ ಲೆಕ್ಕ. ನಾಲ್ಕು ಕ್ರೆಡಿಟ್ಟಿನ ಪೇಪರಿಗೆ 120 ಗಂಟೆ. ಅದರಲ್ಲಿ ಬಸ್ಸಿನಲ್ಲಿ ನಿಂತು ಓದಿದ್ದು ಸೇರುತ್ತದೋ ಇಲ್ಲವೋ ಅಂತ ಎಲ್ಲೂ ಬರೆದಿರಲಿಲ್ಲ, ನಾನು ಸೇರಿಸಿಕೊಂಡೆ. ಕೈಬರಹದ ಅಸೈನ್‌ಮೆಂಟಿಗೆ ನೂರಕ್ಕೆ 30ರ ತೂಕ, ಜೂನ್ ಇಲ್ಲವೇ ಡಿಸೆಂಬರಿನ ಪರೀಕ್ಷೆಗೆ 70ರದು. ಭಾನುವಾರ ಸ್ಟಡಿ ಸೆಂಟರಿನಲ್ಲಿ ಕೌನ್ಸೆಲಿಂಗ್. ಎಲ್ಲ ಮುಗಿಸಲು ಎಂಟು ವರ್ಷದ ಗಡುವು. ಒಳಗೆ ಬರುವುದಕ್ಕಿಂತ ದಾಟಿ ಹೊರಗೆ ಹೋಗುವುದು ಕಷ್ಟ. ಮಗುವಿಗೆ ಜ್ವರ, ವರ್ಗಾವಣೆ, ಮಾರ್ಚ್ ತಿಂಗಳ ಆಡಿಟ್ಟು ಎಂದು ಜೊತೆಯವರು ಒಬ್ಬೊಬ್ಬರಾಗಿ ಕರಗುತ್ತಿದ್ದರು.

ಎಂಎಸ್-5ರಲ್ಲಿ ಎಬಿಸಿ ವಿಶ್ಲೇಷಣೆ ಎಂಬುದೊಂದಿದೆ. ದಾಸ್ತಾನಿನಲ್ಲಿ ಹೆಚ್ಚು ಹಣ ತಿನ್ನುವ ಕೆಲವೇ ಸಾಮಾನು 'ಎ', ಅವುಗಳ ಮೇಲೆ ಬಿಗಿ ಹಿಡಿತ ಬೇಕು. ಸಣ್ಣಪುಟ್ಟವು 'ಸಿ', ಅವುಗಳನ್ನು ದಿನಾ ಎಣಿಸುವುದು ದಂಡ. ನಾನಿದನ್ನು ಉರು ಹೊಡೆಯುತ್ತಿದ್ದಾಗ ಅತ್ತೆ ಕೇಳಿಸಿಕೊಂಡರು. ಅವರ ಅಡುಗೆಮನೆಯಲ್ಲಿ ತುಪ್ಪ, ಕಾಫಿಪುಡಿ, ಗೋಡಂಬಿ ಬೀಗ ಹಾಕಿದ ಬೀರುವಿನಲ್ಲಿ. ಸಾಸಿವೆ, ಮೆಂತ್ಯ ಬಾಗಿಲಿಲ್ಲದ ಗೂಡಿನಲ್ಲಿ. "ಇಷ್ಟು ಹೇಳೋದಕ್ಕೆ ದೆಹಲಿಯಿಂದ ಪುಸ್ತಕ ಬರಬೇಕಿತ್ತಾ?" ಅಂದರು.

ಅತ್ತೆಯ ಮಾತಿಗೆ ಆ ಪುಸ್ತಕಗಳೇ ತಲೆಯಾಡಿಸುತ್ತಿದ್ದವು ಅನ್ನಿಸುತ್ತದೆ. ಪಾಠದ ನಡುನಡುವೆ ಒಂದು ಚಟುವಟಿಕೆ, ಅದರ ಕೆಳಗೆ ಖಾಲಿ ಗೆರೆಗಳು. ನಿಮ್ಮ ಸಂಸ್ಥೆಯಲ್ಲಿ ತೀರ್ಮಾನ ಯಾರು ತೆಗೆದುಕೊಳ್ಳುತ್ತಾರೆ? ನಿಮ್ಮ ಮೇಲಧಿಕಾರಿಯ ಶೈಲಿ ಯಾವುದು? ಮೇಷ್ಟರು ಎದುರಿಗಿಲ್ಲದ ಪಾಠ, ಓದುವವಳಿಗೆ ತಿಳಿದಿರುವುದನ್ನೇ ಕೇಳಿ ಅವಳ ಬಾಯಿಂದ ಹೊರಡಿಸುತ್ತಿತ್ತು. ಮ್ಯಾನೇಜ್‌ಮೆಂಟ್ ಪಂಡಿತ ಮ್ಯಾಕ್‌ಗ್ರೆಗರ್ 1960ರಲ್ಲಿ ಹೇಳಿದ 'ಎಕ್ಸ್' ಸಿದ್ಧಾಂತದ ಪ್ರಕಾರ, ಕೆಲವು ಮ್ಯಾನೇಜರುಗಳಿಗೆ ಕೆಲಸಗಾರರೆಲ್ಲ ಹುಟ್ಟಾ ಸೋಮಾರಿಗಳು. ಅದರ ಪಕ್ಕ ನಾನು ಪೆನ್ಸಿಲ್ಲಿನಲ್ಲಿ, ಸಣ್ಣಕ್ಷರದಲ್ಲಿ ಬರೆದೆ: ಹತ್ತು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಹಾಜರಿ ಪುಸ್ತಕ ಸಾಹೇಬರ ಡ್ರಾಯರ್ ಸೇರುತ್ತದೆ. ಅವರ ಮೇಲೆ ರೀಜನಲ್ ಆಫೀಸಿನವರದ್ದೂ ಅದೇ ಸಿದ್ಧಾಂತ ಎಂದು ಹೊಳೆದದ್ದು ಹಾಗೆ ಬರೆಯುವಾಗಲೇ. ಡ್ರಾಯರ್ ತೆರೆಯಲಿಲ್ಲ, ನನ್ನ ಸಿಟ್ಟು ಮಾತ್ರ ಅರ್ಧಕ್ಕರ್ಧ ಇಳಿಯಿತು. ಬಡ್ತಿಯ ಅರ್ಜಿಯಲ್ಲಿ ಎಂಬಿಎಗೆ ಸಿಕ್ಕಿದ್ದು ಒಂದು ಸಾಲಿನ ಜಾಗ. ನನಗೆ ಸಿಕ್ಕಿದ್ದು ಅದಕ್ಕಿಂತ ಹೆಚ್ಚು.

ಈಗ ಇಗ್ನೋದ ಎಂಬಿಎಗೆ ಪ್ರವೇಶ ಪರೀಕ್ಷೆಯಿಲ್ಲ, ಅನುಭವವೂ ಬೇಕಿಲ್ಲ. ಪಾಠಗಳು ಫೋನಿಗೇ ಬರುತ್ತವೆ. ಬಾಗಿಲು ಅಗಲವಾದದ್ದು ಒಳ್ಳೆಯದೇ. ಕೆಲಸ ಹುಡುಕುತ್ತಿರುವ ನನ್ನ ಅಣ್ಣನ ಮಗನೂ ಸೇರಿದ್ದಾನೆ. ಮೊನ್ನೆ ನನ್ನ ಹಳೆಯ ಎಂಎಸ್-1 ತಿರುವಿಹಾಕುತ್ತಾ, "ಅತ್ತೆ, ಈ ಡ್ರಾಯರ್ ಸಾಹೇಬರು ಯಾರು?" ಎಂದು ನಕ್ಕ. ಆಮೇಲೆ, "ಇಲ್ಲಿ ನಿಮ್ಮ ಸಂಸ್ಥೆ, ನಿಮ್ಮ ಅಧಿಕಾರಿ ಅಂತೆಲ್ಲ ಕೇಳಿದ್ದಾರೆ. ನನಗೆ ಸಂಸ್ಥೆ ಎಲ್ಲಿದೆ, ಏನು ಬರೀಲಿ?" ಅಂದ.

"ಖಾಲಿ ಬಿಟ್ಟು ಪರೀಕ್ಷೆ ಪಾಸು ಮಾಡ್ಕೋ ಮಾರಾಯ," ಅಂದೆ. "ಆದರೆ ಆ ಪಾಠ ಇನ್ನೊಂದು ಸಲ ಓದು, ಮೊದಲನೇ ಸಂಬಳ ಬಂದಮೇಲೆ. ಆಗ ಗೆರೆ ಸಾಲೋದಿಲ್ಲ."