ಬಾಯಮ್ಮನ ಲೆಕ್ಕ

ಶಿಶುವಿನ ವಯಸ್ಸನ್ನು ವಾರಗಳಲ್ಲಿ ಎಣಿಸುವವರು ಲೋಕದಲ್ಲಿ ಇಬ್ಬರೇ: ಒಂದು ಹೆತ್ತ ತಾಯಿ, ಇನ್ನೊಂದು ಬಾಯಮ್ಮ. ನಮ್ಮ ಕಡೆ ದಾದಿಯನ್ನು ಹಿರಿಯರು ಕರೆಯುವುದು ಹಾಗೆಯೇ.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ನಮ್ಮ ಕೆಮ್ಮಣ್ಣಿನಲ್ಲಿ ಬಸ್ಸು ನಿಂತಿತು. ತೂಗುಸೇತುವೆ ನೋಡಬರುವವರ ಗದ್ದಲವೂ ನಿಂತಿತು. ಮನೆಯ ಎಳೆಗೂಸು, ನನ್ನ ಮೊಮ್ಮಗಳು, ಬೆಳೆಯುವುದು ಮಾತ್ರ ನಿಲ್ಲಲಿಲ್ಲ. 6, 10, 14 ವಾರಗಳಿಗೆ ಚುಚ್ಚುಮದ್ದು ಆಗಲೇಬೇಕು. ಕೊರೋನಾ ಬಂತೆಂದು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳು ರಜೆ ಹಾಕುತ್ತವೆಯೇ?

ವಿಮಾನವಿಲ್ಲದೆ ಅಳಿಯ ದುಬಾಯಿಯಲ್ಲೇ ಉಳಿದ. ಮಗಳಿಗೆ ಹೊರಗೆ ಹೋದರೆ ಸೋಂಕಿನ ಭಯ, ಹೋಗದಿದ್ದರೆ ಮದ್ದು ತಪ್ಪುವ ಭಯ. ನನ್ನವಳಂತೂ ಮಗುವನ್ನು ಹೊಸ್ತಿಲು ದಾಟಿಸಲು ಒಪ್ಪಳು.

ಬಾಯಮ್ಮ ಬಂದರು. ಜಗಲಿ ಹತ್ತದೆ ಅಂಗಳದಲ್ಲೇ ನಿಂತು, “ನಾಳಿದ್ದು ಹತ್ತೂವರೆಗೆ ಬನ್ನಿ, ಆಗ ಬೇರೆ ಯಾರೂ ಇರುವುದಿಲ್ಲ” ಎಂದರು.

“ನನಗೇ ಕೊರೋನಾ ಬಂದರೆ ಹಾಲೂಡಿಸಬಹುದೇ ಸಿಸ್ಟರ್?” ಮಗಳು ತಡೆದು ತಡೆದು ಕೇಳಿದಳು. ಎಷ್ಟು ರಾತ್ರಿಗಳ ನಿದ್ದೆ ಕೆಡಿಸಿದ ಪ್ರಶ್ನೆಯೋ!

“ಧಾರಾಳವಾಗಿ. ಕೈ ತೊಳೆದು, ಮಾಸ್ಕು ಕಟ್ಟಿಕೊಂಡು ಊಡಿಸಿ. ಅವಳಿಗೆ ನಿಮ್ಮ ಹಾಲೇ ಬಲ.”

ಸೂಜಿ ಚುಚ್ಚುವುದು ಕ್ಷಣದ ಕೆಲಸ. ಆಮೇಲೆ ಅರ್ಧ ಗಂಟೆ ಕೂರಿಸಿಕೊಂಡರು, ಸಂಜೆ ಫೋನು ಮಾಡಿ, “ಜ್ವರ ಬಂತೇ? ಹೆದರಬೇಡಿ” ಎಂದರು. ಅವರ ಮನೆಯಲ್ಲೂ ಚಿಕ್ಕ ಮಕ್ಕಳಿದ್ದವು. ಮಿಂದ ಮೇಲೆಯೇ ಅವನ್ನು ಮುಟ್ಟುತ್ತಿದ್ದರಂತೆ.

ಬಂದ ರೋಗದ ಲೆಕ್ಕವನ್ನು ಪತ್ರಿಕೆಗಳು ದಿನವೂ ಕೊಟ್ಟವು. ಬಾರದೆ ಹೋದ ರೋಗದ ಲೆಕ್ಕವನ್ನು ಯಾರೂ ಕೊಡಲಿಲ್ಲ. ಅದು ಬಾಯಮ್ಮನ ಪುಸ್ತಕದಲ್ಲಿ ಮಾತ್ರ ಉಂಟು.