ಮುಖದ ಆರೈಕೆಯ ಮೊದಲ ಪಾಠ



ಗಣಿತದಲ್ಲಿ ಸಂಶಯ ಬಂದರೆ ನೀವು ಉಪಾಧ್ಯಾಯಿನಿಯರ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತೀರಿ. ನಿಮ್ಮ ಸ್ವಂತ ಮುಖದ ವಿಷಯದಲ್ಲಿ ಸಂಶಯ ಬಂದಾಗ ಮಾತ್ರ ಯಾರನ್ನೂ ಕೇಳದೆ, ಮೊಬೈಲಿನಲ್ಲಿ ಕಾಣುವ ಅಪರಿಚಿತರ ಬೋಧೆಯನ್ನು ನಂಬಿ ನಡೆಯುತ್ತೀರಿ. ಇಪ್ಪತ್ತು ವರ್ಷಗಳಿಂದ ಬಾಲಿಕೆಯರ ನಡುವೆಯೇ ಇರುವ ನಾವು ಇದನ್ನು ಚೆನ್ನಾಗಿ ಬಲ್ಲೆವು. ಇದು ಶೃಂಗಾರದ ವಿಷಯ, ಶಾಲೆಯ ಸ್ಮರಣಸಂಚಿಕೆಗೆ ತಕ್ಕದ್ದಲ್ಲವೆಂದು ಹಿರಿಯರಲ್ಲಿ ಕೆಲವರು ಹೇಳಬಹುದು. ಹಲ್ಲುಜ್ಜುವುದನ್ನು ಕಲಿಸುವ ಶಾಲೆಯು ಮುಖ ತೊಳೆಯುವುದನ್ನು ಕಲಿಸಿದರೆ ಬಾಧಕವೇನೆಂದು ನಮಗೆ ತಿಳಿಯದು. ನಮ್ಮ ಈ ಬಡಾವಣೆಯಾದರೂ 1898ರ ಪ್ಲೇಗಿನ ತರುವಾಯ, ದಂಡಿನ ಇಕ್ಕಟ್ಟಾದ ಬೀದಿಗಳ ಜನರಿಗೆ ಗಾಳಿಬೆಳಕುಳ್ಳ ಮನೆಗಳು ದೊರೆಯಲೆಂದು ಹುಟ್ಟಿದ್ದಲ್ಲವೇ? ಫ್ರೇಜರ್ ಟೌನ್ ಎಂಬ ಹೆಸರು ಪುಲಿಕೇಶಿನಗರವೆಂದು ಬದಲಾದರೂ, ಆರೋಗ್ಯಕ್ಕಾಗಿ ಕಟ್ಟಿದ ಊರೆಂಬ ಮಾತು ಬದಲಾಗಲಿಲ್ಲ.

ಚರ್ಮವೆಂಬುದು ಮೈಗೆ ಹೊದಿಸಿದ ಬಟ್ಟೆಯಲ್ಲ, ತನ್ನ ಕೆಲಸವನ್ನು ತಾನೇ ಬಲ್ಲ ಅಂಗ. ಅದರ ಹೊರಪದರವು ಇಟ್ಟಿಗೆಗೋಡೆಯಂತೆ. ಜೀವಕೋಶಗಳು ಇಟ್ಟಿಗೆಗಳು, ಅವುಗಳ ನಡುವಣ ಜಿಡ್ಡೇ ಗಾರೆ. ಈ ಗೋಡೆಯು ಸುಮಾರು ಒಂದು ತಿಂಗಳಿಗೊಮ್ಮೆ ತನ್ನಷ್ಟಕ್ಕೆ ತಾನೇ ಹೊಸದಾಗುತ್ತದೆ. ಆದಕಾರಣ ಹೊಸದಾಗಿ ಆರೈಕೆಯನ್ನು ಆರಂಭಿಸುವವಳ ಕೆಲಸ ಬಹಳ ಕಡಮೆ: ಗೋಡೆಯನ್ನು ಕೆಡಿಸದಂತೆ ತೊಳೆಯುವುದು, ತೇವ ಆರದಂತೆ ಕಾಯುವುದು, ಬಿಸಿಲಿನಿಂದ ಮರೆಮಾಡುವುದು. ಹತ್ತು ಸೀಸೆಗಳ ಸಾಲು ಹದಿನಾಲ್ಕು ವರ್ಷದ ಮುಖಕ್ಕೆ ಬೇಕಾಗಿಲ್ಲ.

ತೊಳೆಯುವುದು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಆಟವಾಡಿ ಬೆವತರೆ ಇನ್ನೊಮ್ಮೆ. ನಮ್ಮ ನಾಡಿನ ಶ್ರೀಗಂಧದ ಸಾಬೂನಿನ ಮೇಲೆ ನಮಗೆ ಅಭಿಮಾನವುಂಟು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯೂ, 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನಿನ ಕಾರ್ಖಾನೆಯೂ ಸ್ಥಾಪಿತವಾದ ವೃತ್ತಾಂತವನ್ನು ನಾವು ತರಗತಿಯಲ್ಲಿ ಸಂತೋಷದಿಂದಲೇ ಹೇಳುತ್ತೇವೆ. ಆದಾಗ್ಯೂ ಎಣ್ಣೆಯನ್ನೂ ಕ್ಷಾರವನ್ನೂ ಸೇರಿಸಿ ಮಾಡಿದ ಸಾಬೂನು ಯಾವುದೇ ಆಗಲಿ ಕ್ಷಾರಗುಣವುಳ್ಳದ್ದು. ರಸಾಯನಶಾಸ್ತ್ರದ ಅಳತೆಯಲ್ಲಿ ಅದು 9 ಅಥವಾ 10, ನಮ್ಮ ಚರ್ಮವೋ ಸುಮಾರು 5ರ ಆಮ್ಲಗುಣದ್ದು. ಮೈಯ ಚರ್ಮ ಇದನ್ನು ಸಹಿಸೀತು. ಮುಖಕ್ಕೆ ಕ್ಷಾರವಿಲ್ಲದ, ಪರಿಮಳವಿಲ್ಲದ ಮೃದುವಾದ ಫೇಸ್‌ವಾಶ್ ಲೇಸು. ಕೊಳವೆಬಾವಿಯ ಗಡಸು ನೀರಿನ ಮನೆಗಳಲ್ಲಿ ಸಾಬೂನು ನೊರೆಯಾಗದೆ ಗಷ್ಟುಗಟ್ಟಿ ಚರ್ಮದ ಮೇಲೆ ನಿಲ್ಲುವುದರಿಂದ ಅಲ್ಲಿಯವರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ತೊಳೆದ ಮೇಲೆ ಮುಖ ಬಿಗಿದಂತೆ ತೋರಿದರೆ ಅದು ಶುಚಿಯಾದ ಗುರುತಲ್ಲ, ಗಾರೆ ಕಳೆದುಹೋದ ಗುರುತು.

ತೊಳೆದು, ಉಜ್ಜದೆ ಒತ್ತಿ ಒರಸಿ, ಪಸೆ ಆರುವುದರೊಳಗಾಗಿ ಗ್ಲಿಸರಿನ್ ಮೊದಲಾದವು ಸೇರಿದ ಸಾದಾ ಮಾಯಿಶ್ಚರೈಸರನ್ನು ತೆಳ್ಳಗೆ ಹಚ್ಚಬೇಕು. ಮುಖ ಜಿಡ್ಡಾಗುವವರೂ ಇದನ್ನು ಬಿಡಬಾರದು. ಅಂಥವರಿಗೆ ನೀರಿನಂತೆ ಹಗುರವಾದದ್ದು ಸಾಕು. ಕೊಬ್ಬರಿ ಎಣ್ಣೆಯು ಕೈಕಾಲಿಗೆ ಒಳ್ಳೆಯದಾದರೂ, ಮೊಡವೆ ಏಳುವ ಮುಖದಲ್ಲಿ ರಂಧ್ರಗಳನ್ನು ಮುಚ್ಚುತ್ತದೆ. ತಲೆಗೆ ಧಾರಾಳವಾಗಿ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಬರುವವರ ಹಣೆಯಂಚಿನಲ್ಲಿ ಸಾಲಾಗಿ ಏಳುವ ಗುಳ್ಳೆಗಳಿಗೆ ಅನೇಕ ವೇಳೆ ಇದೇ ಕಾರಣ.

ಬಿಸಿಲಿನ ವಿಷಯದಲ್ಲಿ ಬೆಂಗಳೂರಿನವರಾದ ನಮಗೆ ಒಂದು ಭ್ರಮೆಯುಂಟು. ಗಾಳಿ ತಂಪಾಗಿರುವುದರಿಂದ ಬಿಸಿಲೂ ಸೌಮ್ಯವೆಂದು ಎಣಿಸುತ್ತೇವೆ. ಚರ್ಮವನ್ನು ಸುಡುವ ನೇರಳಾತೀತ ಕಿರಣಕ್ಕೂ ಗಾಳಿಯ ಶಾಖಕ್ಕೂ ಸಂಬಂಧವಿಲ್ಲ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿ. ಮೇಲಕ್ಕೆ ಹೋದಷ್ಟೂ ಆ ಕಿರಣ ತೀಕ್ಷ್ಣವಾಗುತ್ತದೆ, ತೆಳುಮೋಡವನ್ನೂ ದಾಟಿ ಬರುತ್ತದೆ. ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ 12 ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಸೂರ್ಯನು ನಮ್ಮ ನೆತ್ತಿಯ ಮೇಲೆ ನೇರವಾಗಿ ನಿಲ್ಲುವುದರಿಂದ, ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ಆ ದಿನ ಅಂಗಳದಲ್ಲಿ ಕೋಲು ನೆಟ್ಟು ನೋಡಿ. ಭೂಗೋಳವೂ ಆಯಿತು, ಚರ್ಮದ ಪಾಠವೂ ಆಯಿತು. ಸನ್‌ಸ್ಕ್ರೀನ್ ಕೊಳ್ಳುವ ಶಕ್ತಿಯುಳ್ಳವರು ಎಸ್‌ಪಿಎಫ್ 30ಕ್ಕೆ ಕಡಮೆಯಿಲ್ಲದ್ದನ್ನು ಕೊಂಡು, ಮುಖಕ್ಕೂ ಕತ್ತಿಗೂ ಎರಡು ಬೆರಳುಗಳ ಉದ್ದದಷ್ಟು ಹಚ್ಚಿ, ಬಯಲಿನಲ್ಲೇ ಇದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಶಕ್ತಿಯಿಲ್ಲದವರು ನಾಚಬೇಕಾದ್ದಿಲ್ಲ. ಕೋಲ್ಸ್ ಪಾರ್ಕಿನ ಮರಗಳೂ ಅಜ್ಜಿಯ ಕೊಡೆಯೂ ಇದೇ ಕೆಲಸವನ್ನು ಬಹುಕಾಲದಿಂದ ಮಾಡುತ್ತಿವೆ.

ಹೊಸ ಪದಾರ್ಥವನ್ನು ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಕೆಲವು ದಿನ ಹಚ್ಚಿ ನೋಡಿರಿ. ಒಂದು ಸಲಕ್ಕೆ ಒಂದೇ. ಲಿಂಬೆಹುಳಿ, ಅಡಿಗೆಸೋಡ, ಹಲ್ಲಿನ ಪೇಸ್ಟು ಇವು ಮುಖಕ್ಕೆ ಸರ್ವಥಾ ಬೇಡ. ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದವಳಿಗೆ ಸುಟ್ಟ ಕಲೆಯೇ ಉಳಿದೀತು. ಮೊಡವೆಯು ಪ್ರಾಯದ ಗ್ರಂಥಿಗಳ ಕೆಲಸ, ಕೊಳಕಿನ ಗುರುತಲ್ಲ. ಅದನ್ನು ಹಿಸುಕಬಾರದು. ವೈದ್ಯರು ಕೊಟ್ಟ ಔಷಧವು ಫಲಿಸುವುದಕ್ಕೂ ಆರೆಂಟು ವಾರ ಹಿಡಿಯುತ್ತದೆ.

ಇನ್ನು, ಈ ಲೇಖನವನ್ನು ನಮ್ಮಿಂದ ಬರೆಯಿಸಿದ ಸಂಗತಿ. ಕೆಲವು ವರ್ಷಗಳ ಹಿಂದೆ ನಮ್ಮ ಬಾಲಿಕೆಯೊಬ್ಬಳು ಅಕ್ಕನ ಮದುವೆ ಸಮೀಪಿಸಿದಾಗ, ಅಂಗಡಿಯೊಂದರಲ್ಲಿ ಬಿಳುಪಿನ ಮುಲಾಮಿನ ಟ್ಯೂಬನ್ನು ಕೊಂಡಳು. ಎರಡು ವಾರಗಳಲ್ಲಿ ಮುಖ ತಿಳಿಯಾಯಿತು. ಮದುವೆಯಲ್ಲಿ ಎಲ್ಲರೂ ಕೊಂಡಾಡಿದರು. ನಾಲ್ಕನೆಯ ತಿಂಗಳಿಗೆ ಕೆನ್ನೆಗಳು ಮೆಣಸಿನಕಾಯಿ ಅರೆದು ಹಚ್ಚಿದಂತೆ ಕೆಂಪಾಗಿ, ಬೆಳಗಿನ ಪ್ರಾರ್ಥನೆಯ ಹೊತ್ತಿನ ಎಳೆಬಿಸಿಲಿನಲ್ಲಿಯೂ ಅವಳಿಂದ ನಿಲ್ಲಲಾಗಲಿಲ್ಲ. ಟ್ಯೂಬಿನಲ್ಲಿದ್ದದ್ದು ಸ್ಟೆರಾಯ್ಡ್. ಅದು ಮೊದಲು ಬಿಳುಪು ತೋರಿಸಿ, ತರುವಾಯ ಚರ್ಮವನ್ನು ತೆಳುಮಾಡಿ, ರಕ್ತನಾಳಗಳನ್ನು ಎಬ್ಬಿಸಿ, ಕೂದಲನ್ನೂ ಮೊಡವೆಯನ್ನೂ ಬೆಳೆಸುತ್ತದೆ. ಬಿಟ್ಟರೆ ಉರಿ ಇಮ್ಮಡಿಸುವುದರಿಂದ ಪುನಃ ಅದನ್ನೇ ಹಚ್ಚಿಸುತ್ತದೆ. ವೈದ್ಯರ ಕೈಕೆಳಗೆ ಅವಳು ಅದನ್ನು ಬಿಟ್ಟು ಗುಣಹೊಂದುವಷ್ಟರಲ್ಲಿ ವರ್ಷವೇ ಕಳೆಯಿತು.

ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಎಂಬ ಹೆಸರುಗಳು ಟ್ಯೂಬಿನ ಮೇಲಿದ್ದರೆ ಅದು ಔಷಧವೇ ಹೊರತು ಸೌಂದರ್ಯಸಾಧನವಲ್ಲ. 2018ರಲ್ಲಿ ಸರ್ಕಾರವು ಇಂಥ 14 ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ತಯಾರಿಸಿದವರ ಹೆಸರೇ ಇಲ್ಲದ ಡಬ್ಬಿಗಳಂತೂ ಇನ್ನೂ ಭಯಂಕರ. ಅವುಗಳಲ್ಲಿ ಪಾದರಸವಿರುವುದುಂಟು, 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಲೇಪ ಹಚ್ಚಿಕೊಂಡವರ ಮೂತ್ರಪಿಂಡಗಳೇ ಕೆಟ್ಟದ್ದನ್ನು ವೈದ್ಯರು ಕಂಡರು.

ಆ ಬಾಲಿಕೆಯ ತಾಯಿ ನಮ್ಮೆದುರಿಗೆ ಕುಳಿತು, “ನಾಳೆ ಹೆಣ್ಣು ನೋಡೋಕೆ ಬಂದೋರು ಮೊದ್ಲು ಬಣ್ಣಾನೇ ನೋಡ್ತಾರಲ್ಲ ಮಿಸ್” ಅಂದರು. ಅವರನ್ನು ಗದರಿಸಲು ನಮಗೆ ಮನಸ್ಸು ಬರಲಿಲ್ಲ. ಆ ಮಾತನ್ನು ಅವರು ಹುಟ್ಟಿಸಿದವರಲ್ಲ, ಕೇಳಿ ಬೆಳೆದವರು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ತೆಗೆದುಹಾಕಿತು. ಮನೆಗಳಲ್ಲಿ ಆ ಪದವು ಸುಖವಾಗಿಯೇ ಇದೆ. ಕಪ್ಪು ಬಣ್ಣದವರಲ್ಲಿಯೂ ಬಿಳಿಯ ಬಣ್ಣದವರಲ್ಲಿಯೂ ಬಣ್ಣ ಮಾಡುವ ಕೋಶಗಳ ಸಂಖ್ಯೆ ಹೆಚ್ಚುಕಡಮೆ ಸಮನೇ. ಅವು ತಯಾರಿಸಿ ಹಂಚುವ ವರ್ಣದ್ರವ್ಯದಲ್ಲಿ ಮಾತ್ರ ವ್ಯತ್ಯಾಸ. ಕಪ್ಪಾದಷ್ಟೂ ಬಿಸಿಲಿಗೆ ಚರ್ಮದ ಸ್ವಂತ ಕೊಡೆ ದೊಡ್ಡದು. ಇದನ್ನು ನಾವು ಆ ತಾಯಿಗೆ ಚಿತ್ರ ಬರೆದು ತೋರಿಸಿದೆವು. ಅವರು ಒಪ್ಪಿದರೋ ಇಲ್ಲವೋ ಹೇಳಲಾರೆವು. ಮಗಳನ್ನು ಮಾತ್ರ ತಪ್ಪದೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕ್ರಿಸ್ಮಸ್ ನಾಟಕದಲ್ಲಿ ದೇವದೂತನ ಪಾತ್ರವನ್ನು ಬೆಳ್ಳಗಿನ ಹುಡುಗಿಗೇ ಮೀಸಲಿಡುವ ಶಾಲೆಗಳು ಇಂದಿಗೂ ಉಂಟು. ನಮ್ಮಲ್ಲಿ ಪಾತ್ರಗಳನ್ನು ಕಂಠ ಕೇಳಿ ಕೊಡುತ್ತೇವೆ.

ಮುಖದಲ್ಲಿ ಉರಿ, ಕೆಂಪು, ಕೀವುಗುಳ್ಳೆ ಕಂಡರೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಚರ್ಮರೋಗದ ವಿಭಾಗವುಂಟು, ದೂರವೇನೂ ಅಲ್ಲ. ಹಚ್ಚುತ್ತಿದ್ದ ಟ್ಯೂಬನ್ನು ಬಚ್ಚಿಡದೆ ಜೊತೆಯಲ್ಲಿಯೇ ಒಯ್ಯಿರಿ. ಈ ವರ್ಷದಿಂದ ಪ್ರಾರ್ಥನೆಯನ್ನು ಮರದ ನೆರಳಿನ ಕಡೆಗೆ ಸರಿಸಿದ್ದೇವೆ. ಮಧ್ಯಾಹ್ನದ ಆಟವು ನಾಲ್ಕು ಗಂಟೆಗೆ ಹೋಗಿದೆ. ಬಯಲಿನಲ್ಲಿ ಟೋಪಿ ಹಾಕಲು ಅಪ್ಪಣೆಯೂ ಆಗಿದೆ. ಟೋಪಿಯ ಬಣ್ಣವನ್ನು ತಾವೇ ಆರಿಸುವೆವೆಂದು ಒಂಬತ್ತನೆಯ ತರಗತಿಯವರು ಬರೆದುಕೊಟ್ಟ ಮನವಿಪತ್ರವು ಇನ್ನೂ ನಮ್ಮ ಮೇಜಿನ ಮೇಲಿದೆ.