ಮಸುಕಿನ ಸೊಗಸು

ನೆಯ್ದ ಬಟ್ಟೆಯ ಮೇಲೆ ಚಿತ್ರವನ್ನು ಮೂಡಿಸುವುದು ಒಂದು ವಿದ್ಯೆ; ನೆಯ್ಯುವುದಕ್ಕೆ ಮುಂಚೆಯೇ ನೂಲಿನಲ್ಲಿ ಚಿತ್ರವನ್ನು ಅಡಗಿಸಿಡುವುದು ಮತ್ತೊಂದು ವಿದ್ಯೆ. ಈ ಎರಡನೆಯದನ್ನು ಜಪಾನೀಯರು ‘ಕಸುರಿ’ ಎನ್ನುತ್ತಾರೆ. ಬಿಳಿಯಾಗಿ ಉಳಿಯಬೇಕಾದ ಕಡೆಗಳಲ್ಲಿ ನೂಲಿನ ಲಡಿಯನ್ನು ಬಿಗಿದು ಕಟ್ಟಿ ಬಣ್ಣದಲ್ಲಿ ಅದ್ದುತ್ತಾರೆ. ಕಟ್ಟು ಬಿಚ್ಚಿದಾಗ ಕಾಣುವುದು ಬರಿಯ ಚುಕ್ಕೆ ಗೆರೆಗಳು. ಮಗ್ಗದ ಮೇಲೆ ಎಳೆಗಳು ತಮ್ಮ ತಮ್ಮ ಸ್ಥಾನಕ್ಕೆ ಬಂದು ನಿಂತಮೇಲೆಯೇ ಅವು ಹೂವಾಗಿಯೋ ಬಾಣವಾಗಿಯೋ ತೋರುತ್ತವೆ. ಎಷ್ಟು ಎಚ್ಚರವಿದ್ದರೂ ಎಳೆ ಕೂದಲಷ್ಟು ಸರಿಯದೆ ಇರದು. ಆದುದರಿಂದ ಚಿತ್ರದ ಅಂಚು ಸ್ವಲ್ಪ ಮಸುಕಾಗುತ್ತದೆ. ‘ಕಸುರಿ’ ಎಂಬ ಪದವೂ ಮಸುಕಾಗುವುದೆಂಬ ಅರ್ಥದ ಕ್ರಿಯೆಯಿಂದಲೇ ಬಂದುದು. ತನ್ನ ಕುಂದನ್ನೇ ಹೆಸರಾಗಿ ಧರಿಸಿದ ಕಲೆಗಳು ಲೋಕದಲ್ಲಿ ವಿರಳ.

ಇಂತಹ ನೆಯ್ಗೆ ನಮ್ಮ ದೇಶಕ್ಕೆ ಹೊಸದಲ್ಲ. ಗುಜರಾತಿನ ಪಾಟಣದ ಪಟೋಲವೂ ಇದೇ ಜಾತಿಯದು. ಆದರೆ ಕ್ಯೂಷೂ ದ್ವೀಪದ ಕುರುಮೆ ಎಂಬ ಊರಿನಲ್ಲಿ ಇದು ಬೆಳೆದ ಬಗೆ ಸ್ವಾರಸ್ಯವಾದುದು. 1800ರ ಸುಮಾರಿನಲ್ಲಿ ಅಲ್ಲಿ ಇನೊವೆ ದೆನ್ ಎಂಬ ಹುಡುಗಿಯಿದ್ದಳು. ವಯಸ್ಸು ಹನ್ನೆರಡೋ ಹದಿಮೂರೋ. ಹಳೆಯ ಬಟ್ಟೆಯೊಂದರ ನೀಲಿ ಅಲ್ಲಲ್ಲಿ ಹೋಗಿ ಬಿಳಿಯ ಮಚ್ಚೆಗಳು ಬಿದ್ದಿದ್ದುದನ್ನು ಅವಳು ಕಂಡಳೆಂದು ಹೇಳುತ್ತಾರೆ. ಬೇರೆಯವರು ಅದನ್ನು ಚಿಂದಿಯೆಂದು ಎಸೆಯುತ್ತಿದ್ದರು. ಅವಳಾದರೋ ಅದರ ಎಳೆಗಳನ್ನು ಬಿಡಿಸಿ ನೋಡಿ, ಆ ಮಚ್ಚೆಗಳನ್ನು ಬೇಕೆಂದೇ ಉಂಟುಮಾಡುವ ಬಗೆಯನ್ನು ಕಂಡುಕೊಂಡಳು. 1869ರಲ್ಲಿ ತೀರಿಕೊಳ್ಳುವುದರೊಳಗೆ ನೂರಾರು ಮಂದಿಗೆ ಆ ಕೈಕೆಲಸವನ್ನು ಕಲಿಸಿದ್ದಳು.

ಕುರುಮೆಯದು ಹತ್ತಿಯ ಬಟ್ಟೆ. ರೇಷ್ಮೆಯಲ್ಲಿಯೂ ಇಂತಹದೇ ಒಂದು ಕಥೆಯುಂಟು. ಎರಡು ಹುಳುಗಳು ಕೂಡಿ ಒಂದೇ ಗೂಡನ್ನು ಕಟ್ಟಿದರೆ ಎಳೆಗಳು ಸಿಕ್ಕಾಗಿ ನೂಲು ಗಂಟುಗಂಟಾಗುತ್ತದೆ. ಮಾರುವುದಕ್ಕೆ ಒದಗದ ಇಂತಹ ಗೂಡುಗಳಿಂದ ರೈತರ ಮನೆಯ ಹೆಂಗಸರು ತಮ್ಮ ಉಡುಪಿಗೆಂದು ನೆಯ್ದುಕೊಳ್ಳುತ್ತಿದ್ದ ದಪ್ಪ ಬಟ್ಟೆಯೇ ಮುಂದೆ ‘ಮೇಸೆನ್’ ಆಯಿತು. ಇಸೆಸಾಕಿ, ಚಿಚಿಬು ಮೊದಲಾದ ಊರುಗಳಲ್ಲಿ ಹಾಸಿನ ಎಳೆಗಳನ್ನು ವಿರಳವಾದ ಹೊಕ್ಕಿನಿಂದ ತಾತ್ಕಾಲಿಕವಾಗಿ ಹಿಡಿದಿರಿಸಿ, ಕಾಗದದ ಅಚ್ಚುಗಳಿಂದ ಬಣ್ಣ ಹಚ್ಚಿ, ಆ ಹೊಕ್ಕನ್ನು ತೆಗೆಯುತ್ತ ನಿಜವಾದ ನೆಯ್ಗೆಯನ್ನು ನಡೆಸಿದರು. ಶ್ರಮ ಕಡಿಮೆಯಾಯಿತು, ಬೆಲೆಯೂ ಇಳಿಯಿತು. 1920–30ರ ದಶಕಗಳಲ್ಲಿ ಸಾಧಾರಣ ಸಂಸಾರದ ಹೆಂಗಸರೂ ಮೇಸೆನ್ ರೇಷ್ಮೆಯನ್ನು ಉಡುವಂತಾಯಿತು.

ಕಿಮೊನೊದ ಮೇಲೆ ತೊಡುವ ಸಡಿಲವಾದ ಅಂಗಿಗೆ ‘ಹಾವೊರಿ’ ಎಂದು ಹೆಸರು. ಎದೆಯ ಬಳಿ ಎರಡು ದಾರಗಳನ್ನು ಕಟ್ಟಿದರೆ ಮುಗಿಯಿತು. ಕಿಮೊನೊದ ಕೆಳಗಿನ ಅಂಚು ಸವೆದರೆ ಗೃಹಿಣಿಯು ಅದರ ಹೊಲಿಗೆ ಬಿಚ್ಚಿ, ಒಗೆದು, ಗಿಡ್ಡಮಾಡಿ ಹಾವೊರಿಯಾಗಿ ಹೊಲಿಯುತ್ತಿದ್ದುದುಂಟು. ಬಟ್ಟೆಯನ್ನು ನೇರವಾದ ಪಟ್ಟಿಗಳಾಗಿಯೇ ಕತ್ತರಿಸುವುದರಿಂದ ಹೀಗೆ ಎರಡನೆಯ ಜನ್ಮ ಸಾಧ್ಯವಾಗುತ್ತಿತ್ತು.

1940ರ ಜುಲೈ ತಿಂಗಳಲ್ಲಿ ಯುದ್ಧದ ನಿಮಿತ್ತವಾಗಿ ಭೋಗವಸ್ತುಗಳ ತಯಾರಿಕೆಗೂ ಮಾರಾಟಕ್ಕೂ ಸರಕಾರದ ನಿಷೇಧ ಬಂದಿತು. ಯುದ್ಧಾನಂತರ ಜನರು ದಿನಬಳಕೆಗೆ ಪಾಶ್ಚಾತ್ಯ ಉಡುಪನ್ನು ಹಿಡಿದರು. ಮಗ್ಗಗಳು ಒಂದೊಂದಾಗಿ ನಿಂತುವು.

ಇಂದು ಕ್ಯೋಟೋ ನಗರದ ತೋಜಿ ದೇವಾಲಯದಲ್ಲಿ ಪ್ರತಿ ತಿಂಗಳ 21ರಂದು ನೆರೆಯುವ ಸಂತೆಯಲ್ಲಿ ಹಳೆಯ ಉಡುಪುಗಳು ರಾಶಿಯಾಗಿ ಬಿದ್ದಿರುತ್ತವೆ. ಅಲ್ಲಿ ಸಿಕ್ಕುವ ಹಾವೊರಿಯಲ್ಲಿ ತೊಟ್ಟವಳ ಗುರುತಿಲ್ಲ. ನೆಯ್ದವಳ ಹೆಸರಂತೂ ಮೊದಲಿನಿಂದಲೂ ಇರಲಿಲ್ಲ. ಕುರುಮೆಯ ಹುಡುಗಿಯ ಹೆಸರು ಉಳಿದುದೇ ಒಂದು ಭಾಗ್ಯ. ಆದರೂ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದವರಿಗೆ ಹೂವಿನ ದಳದ ಅಂಚಿನಲ್ಲಿ ಎಳೆಯೊಂದು ಕೊಂಚ ಸರಿದಿರುವುದು ಕಾಣುತ್ತದೆ. ಹೆಸರಿಲ್ಲದ ಆ ಕೈ ಬಿಟ್ಟುಹೋದ ಸಹಿ ಅಷ್ಟೇ. ಅದನ್ನು ದೋಷವೆಂದು ಕರೆಯಲು ಮನಸ್ಸು ಬಾರದು.